ಹತ್ತನೆಯ ತರಗತಿಯ ಆಚೆಗೆ: ಕಾಸರಗೋಡಿನ ಕನ್ನಡ ಪೋಷಕರಿಗೊಂದು ಬಹಿರಂಗ ಪತ್ರ

ಎಡಪ್ಪಳ್ಳಿ, ಕೊಚ್ಚಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ತಂದೆ ತಾಯಂದಿರಿಗೆ,



ನಿಮ್ಮ ಮನೆಯಲ್ಲಿ ಈಗ ಏಳನೆಯಲ್ಲೋ ಹತ್ತನೆಯಲ್ಲೋ ಓದುವ ಮಗುವಿದ್ದರೆ ಈ ಪತ್ರ ನಿಮಗೆ. ಕೇರಳದ ಸರಕಾರಿ ಶಾಲೆಗಳಲ್ಲಿ ಕಸುಬು ಕಲಿಸುವ, ಉದ್ಯೋಗಕ್ಕೆ ಅಣಿಗೊಳಿಸುವ ಓದು ಕಳೆದ ಕೆಲವು ವರ್ಷಗಳಲ್ಲಿ ರಾಜ್ಯದುದ್ದಕ್ಕೂ ಬಹಳ ಬದಲಾಗಿದೆ. ಆ ಬದಲಾವಣೆಯ ಸುದ್ದಿ ನಮ್ಮ ಕಡೆಯ ಮನೆಗಳಿಗೆ ಸರಿಯಾಗಿ ತಲುಪಿಲ್ಲ. ತಲುಪಿದಲ್ಲಿಯೂ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ, ಅರ್ಜಿ ಹಾಕುವ ಗಡಿಬಿಡಿಯಲ್ಲಿ, ಯಾರೋ ಹೇಳಿದ ಅರ್ಧ ಮಾತಿನ ರೂಪದಲ್ಲಿ ತಲುಪಿದೆ. ಹೀಗಾಗಿ ನಮ್ಮ ಮಕ್ಕಳು ತಮಗೆ ಒಗ್ಗುವ ಓದನ್ನು ಬಿಟ್ಟು ಸಿಕ್ಕ ಓದನ್ನು ಹಿಡಿಯುತ್ತಿದ್ದಾರೆ. ಇದನ್ನು ತಡೆಯುವುದು ಮೊದಲು ನಿಮ್ಮಿಂದ ಸಾಧ್ಯ, ಆಮೇಲೆ ಸರಕಾರದಿಂದ. ಅದಕ್ಕಾಗಿ ನಿಮಗೇ ಬರೆಯುತ್ತಿದ್ದೇನೆ.

ನಾನು ಮುಳ್ಳೇರಿಯ ಕಡೆಯವನು. ಹತ್ತರವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆಮೇಲೆ ವಿ.ಎಚ್.ಎಸ್.ಇ.ಯಲ್ಲಿ, ಅಂದರೆ ವೃತ್ತಿಪರ ಹೈಯರ್ ಸೆಕೆಂಡರಿಯಲ್ಲಿ, ರೆಫ್ರಿಜರೇಶನ್ ಮತ್ತು ಏರ್ ಕಂಡೀಷನಿಂಗ್ ಕಲಿತೆ. ಅಪ್ರೆಂಟಿಸ್ ಆಗಿ ಕೆಲಸ ಮಾಡಿದೆ, ಕೆಲಸದ ಜೊತೆಗೇ ಮುಂದೆ ಓದಿದೆ. ಈಗ ಎಡಪ್ಪಳ್ಳಿಯಲ್ಲಿ ಸಂಸಾರ ಹೂಡಿಕೊಂಡು, ಕೊಚ್ಚಿಯ ಶೀತಲ ಗೋದಾಮುಗಳ ಮತ್ತು ಅರೂರು ಕಡೆಯ ಮೀನು ಸಂಸ್ಕರಣ ಘಟಕಗಳ ಯಂತ್ರಗಳ ಸರ್ವಿಸ್ ನೋಡಿಕೊಳ್ಳುತ್ತಿದ್ದೇನೆ. ತಲಪಾಡಿಯಲ್ಲಿ ಕೇರಳ ಹೊಗುವ ಹೆದ್ದಾರಿಗೆ ಹಿಂದೆ 17 ಎಂಬ ಸಂಖ್ಯೆ ಇತ್ತು. ಪನವೇಲಿನಿಂದ ಹೊರಟ ಆ ರಸ್ತೆ ಮುಗಿಯುತ್ತಿದ್ದುದು ಇದೇ ಎಡಪ್ಪಳ್ಳಿಯಲ್ಲಿ. ಈಗ ಅದರ ಸಂಖ್ಯೆ 66, ಕನ್ಯಾಕುಮಾರಿಯವರೆಗೆ ಹೋಗುತ್ತದೆ. ಆದರೂ ಕೆಲಸ ಹುಡುಕಿಕೊಂಡು ಬರುವ ನಮ್ಮ ಕಡೆಯ ಹುಡುಗರಲ್ಲಿ ಅನೇಕರು ಇಂದಿಗೂ ಇಲ್ಲಿಯೇ ಇಳಿಯುತ್ತಾರೆ. ಕೆಲಸಕ್ಕೆ ಜನ ಬೇಕಾದಾಗ ಅವರನ್ನು ಕೂರಿಸಿ ಮಾತಾಡಿಸುವುದು ನನ್ನ ಹೊಣೆ. ಹಾಗಾಗಿ ನಾನು ಹೇಳುವುದು ಪುಸ್ತಕದಿಂದ ತೆಗೆದ ಮಾತಲ್ಲ.

ಬರುವವರಲ್ಲಿ ಎರಡು ಬಗೆ. ಬಿ.ಕಾಂ. ಅಥವಾ ಬಿ.ಎ. ಮುಗಿಸಿ, ಯಾವ ಕೆಲಸವಾದರೂ ಸರಿ ಎಂದು ಬರುವವರು ಹೆಚ್ಚು. ಅವರ ಮನೆಯವರು ಕಷ್ಟಪಟ್ಟು ಓದಿಸಿರುತ್ತಾರೆ. ಓದಿದ ವಿಷಯದ ಬಗ್ಗೆ ಕೇಳಿದರೆ ಹುಡುಗ ತಲೆ ತಗ್ಗಿಸುತ್ತಾನೆ. ಅದೇ ಹುಡುಗನನ್ನು ಮನೆಯ ಬಗ್ಗೆ ಕೇಳಿದರೆ ಮುಖ ಅರಳುತ್ತದೆ. ತೋಟದ ಪಂಪು ಕೆಟ್ಟಾಗ ಬಿಚ್ಚಿ ಬುಶ್ ಬದಲಾಯಿಸಿದ್ದು, ಸ್ಪ್ರಿಂಕ್ಲರ್ ಪೈಪಿನ ಒತ್ತಡ ಸಾಲದೆ ಬಂದಾಗ ಲೈನು ಬೇರೆ ಮಾಡಿದ್ದು, ಅಡಿಕೆಗೆ ಬೋರ್ಡೋ ಸಿಂಪಡಿಸುವ ಯಂತ್ರವನ್ನು ತಾನೇ ರಿಪೇರಿ ಮಾಡಿದ್ದು, ಎಲ್ಲವನ್ನೂ ಹೇಳುತ್ತಾನೆ. ಇವನ ಕೈಯಲ್ಲಿ ಬುದ್ಧಿಯಿದೆ ಎಂಬುದು ಎರಡು ನಿಮಿಷದಲ್ಲಿ ನನಗೆ ತಿಳಿಯುತ್ತದೆ. ಹನ್ನೆರಡು ಹದಿನೈದು ವರ್ಷ ಅವನನ್ನು ಓದಿಸಿದ ಶಾಲೆಗೂ ಮನೆಗೂ ಅದು ತಿಳಿಯದೆ ಹೋಯಿತಲ್ಲ ಎಂದು ನಾನು ಸಂಕಟಪಟ್ಟಿದ್ದೇನೆ.

ಎರಡನೆಯ ಬಗೆಯವರು ಕಡಿಮೆ. ವಿ.ಎಚ್.ಎಸ್.ಇ., ಐಟಿಐ, ಪಾಲಿಟೆಕ್ನಿಕ್ ದಾಟಿ ಬಂದವರು. ಕಂಪ್ರೆಸರಿನ ಸದ್ದು ಕೇಳಿಯೇ ದೋಷ ಎಲ್ಲಿದೆಯೆಂದು ಊಹಿಸಬಲ್ಲವರು ಇವರಲ್ಲಿದ್ದಾರೆ. ಇವರಲ್ಲಿಯೂ ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ತೊಡಕು ಇದೆ, ಅದರ ಮಾತು ಮುಂದೆ ಬರುತ್ತದೆ. ಆದರೆ ಇವರು ಕೆಲಸವಿಲ್ಲದೆ ಊರಿಗೆ ಮರಳಿದ್ದನ್ನು ನಾನು ಕಂಡಿಲ್ಲ.

ಕೇರಳದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗುವುದು ಈಗ ಪ್ರಶ್ನೆಯೇ ಅಲ್ಲ. 2024ರಲ್ಲಿ ಶೇಕಡಾ 99.69, 2025ರಲ್ಲಿ ಶೇಕಡಾ 99.5 ಮಕ್ಕಳು ಉನ್ನತ ಓದಿಗೆ ಅರ್ಹರಾದರು. ಹೀಗೆ ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾಗುವ ನಾಡಿನಲ್ಲಿ ಪೋಷಕರು ಚಿಂತಿಸಬೇಕಾದದ್ದು ಮುಂದೆ ಎಲ್ಲಿಗೆ ಎಂಬುದನ್ನು. ನಾವು ಮಾತ್ರ ಇನ್ನೂ ಎಷ್ಟು ಎ ಪ್ಲಸ್ ಬಂತು ಎಂಬಲ್ಲಿಯೇ ನಿಂತಿದ್ದೇವೆ. ಫ್ಲೆಕ್ಸ್‌ನಲ್ಲಿ ಭಾವಚಿತ್ರ ಬಂತು, ಸಂಘದಿಂದ ಸನ್ಮಾನವಾಯಿತು. ಎಲ್ಲ ಒಳ್ಳೆಯದೇ. ಅದರ ಮರುವಾರ ಪ್ಲಸ್ ವನ್ ಪ್ರವೇಶದ ಏಕಜಾಲಕ ಅರ್ಜಿ ತುಂಬುವಾಗ ಮಾತ್ರ ವಿಜ್ಞಾನ, ಕಾಮರ್ಸ್, ಹ್ಯುಮ್ಯಾನಿಟೀಸ್ ಎಂಬ ಮೂರರ ಆಚೆಗೆ ನಮ್ಮ ಕಣ್ಣು ಹೋಗುವುದಿಲ್ಲ.

ಆಚೆಗೆ ಏನಿದೆ ಎಂಬುದನ್ನು ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಕೇರಳದಲ್ಲಿ ವಿ.ಎಚ್.ಎಸ್.ಇ. ಆರಂಭವಾದದ್ದು 1983-84ರಲ್ಲಿ, ಬೆರಳೆಣಿಕೆಯ ಶಾಲೆಗಳಲ್ಲಿ. ಇಂದು ಸರಕಾರಿ ಮತ್ತು ಅನುದಾನಿತ ಸೇರಿ 389 ಶಾಲೆಗಳಲ್ಲಿ ಅದು ಇದೆ. ನಮ್ಮ ಕಡೆಯೇ ಕುಂಜತ್ತೂರು, ಮೊಗ್ರಾಲ್, ಮುಳ್ಳೇರಿಯ, ದೇಲಂಪಾಡಿ ಸರಕಾರಿ ಶಾಲೆಗಳ ಫಲಕ ನೋಡಿ, ಹೆಸರಿನಲ್ಲಿಯೇ ವೊಕೇಶನಲ್ ಎಂದಿದೆ. ದಿನವೂ ಆ ಫಲಕದ ಮುಂದೆ ಬಸ್ಸಿಗೆ ಕಾಯುವ ಎಷ್ಟೋ ಜನ ಒಳಗೆ ಏನು ಕಲಿಸುತ್ತಾರೆಂದು ಒಮ್ಮೆಯೂ ಕೇಳಿಲ್ಲ. 2019ರಲ್ಲಿ, ಡಾ. ಎಂ. ಎ. ಖಾದರ್ ಸಮಿತಿಯ ಶಿಫಾರಸಿನ ಮೇಲೆ, ಪ್ರೌಢಶಾಲೆ, ಹೈಯರ್ ಸೆಕೆಂಡರಿ, ವಿ.ಎಚ್.ಎಸ್.ಇ. ಎಂಬ ಮೂರು ನಿರ್ದೇಶನಾಲಯಗಳನ್ನು ಒಂದೇ ಸಾರ್ವಜನಿಕ ಶಿಕ್ಷಣ ನಿರ್ದೇಶನಾಲಯದ ಕೆಳಗೆ ತಂದರು. ಆಮೇಲಿನ ಒಂದೆರಡು ವರ್ಷಗಳಲ್ಲಿ ಈ ಎಲ್ಲ ಶಾಲೆಗಳ ವೃತ್ತಿ ಕೋರ್ಸ್‌ಗಳು ಎನ್.ಎಸ್.ಕ್ಯು.ಎಫ್. ಎಂಬ ರಾಷ್ಟ್ರೀಯ ಕೌಶಲ ಚೌಕಟ್ಟಿಗೆ ಬಂದವು. ಹೆಸರು ಕೇಳಿ ಗಾಬರಿಯಾಗುವುದು ಬೇಡ. ಹಿಂದೆ ನಾವು ಕಲಿತದ್ದು ಒಂದು ದೊಡ್ಡ ಕಸುಬಿನ ಒಟ್ಟು ಪರಿಚಯ. ಈಗ ಕಲಿಸುವುದು ಒಂದು ನಿರ್ದಿಷ್ಟ ಕೆಲಸ: ಸಾವಯವ ಬೆಳೆಗಾರಿಕೆ, ಹೈನುಗಾರಿಕೆ, ಹನಿ ನೀರಾವರಿ, ಗ್ರಾಫಿಕ್ ವಿನ್ಯಾಸ, ವಾಹನ ಸರ್ವಿಸ್, ಕೊಳಾಯಿ ಕೆಲಸ, ಹೊಲಿಗೆ ಯಂತ್ರ, ಸಾಫ್ಟ್‌ವೇರ್, ಹೀಗೆ. ಆ ಕೆಲಸಕ್ಕೆ ದೇಶದಾದ್ಯಂತ ಒಂದೇ ಮಟ್ಟದ ಪಠ್ಯ, ಕಲಿತವನಿಗೆ ಪ್ಲಸ್ ಟು ಪ್ರಮಾಣಪತ್ರದ ಜೊತೆ ಕೌಶಲದ ಪ್ರಮಾಣಪತ್ರ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ವಿ.ಎಚ್.ಎಸ್.ಇ.ಗೆ ಹೋದರೆ ಮುಂದಿನ ಓದು ಮುಗಿಯಿತು ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಅದು ತಪ್ಪು. ಇಂಗ್ಲಿಷ್, ಉದ್ಯಮಶೀಲತೆ, ವೃತ್ತಿ ವಿಷಯಗಳ ಜೊತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಗಣಿತ, ಇಲ್ಲವೇ ಕಾಮರ್ಸ್ ವಿಷಯಗಳನ್ನು ಅಲ್ಲಿಯೂ ಓದುತ್ತಾರೆ. ಡಿಗ್ರಿಗೆ ಹೋಗಬಹುದು. ವಿಜ್ಞಾನ ಗಣಿತ ಓದಿದವರು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಬರೆಯಬಹುದು, ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ಲ್ಯಾಟರಲ್ ಎಂಟ್ರಿಗೆ ಅರ್ಜಿ ಹಾಕಬಹುದು. 1961ರ ಅಪ್ರೆಂಟಿಸ್ ಕಾಯ್ದೆಯ ವ್ಯಾಪ್ತಿಯೊಳಗೆ ವೃತ್ತಿಪರ ಪ್ಲಸ್ ಟು ಮುಗಿಸಿದವರನ್ನು 1980ರ ದಶಕದಲ್ಲಿಯೇ ಸೇರಿಸಲಾಗಿದೆ. ಸ್ಟೈಪೆಂಡ್ ಪಡೆಯುತ್ತಾ ಒಂದು ವರ್ಷ ಕೆಲಸ ಕಲಿಯಬಹುದು. ಇಲ್ಲಿನ ಕೊಚ್ಚಿನ್ ಶಿಪ್‌ಯಾರ್ಡ್ ವಿ.ಎಚ್.ಎಸ್.ಇ. ಪಾಸಾದವರನ್ನು ಹೀಗೆ ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತದೆ. ಆ ಜಾಹೀರಾತು ಬಂದಾಗ ಅರ್ಜಿ ಹಾಕುವವರಲ್ಲಿ ಮಂಜೇಶ್ವರದ ಮಕ್ಕಳೂ ಇರಲಿ ಎಂಬುದು ನನ್ನ ಬಹುಕಾಲದ ಆಸೆ.

ಏಳನೆಯ ತರಗತಿಯ ಮಕ್ಕಳ ತಂದೆ ತಾಯಂದಿರೇ, ನಿಮಗೆ ಬೇರೆಯೇ ಒಂದು ಮಾತಿದೆ. ಕೇರಳದಲ್ಲಿ 39 ಸರಕಾರಿ ತಾಂತ್ರಿಕ ಪ್ರೌಢಶಾಲೆಗಳಿವೆ. ಅವು ತಾಂತ್ರಿಕ ಶಿಕ್ಷಣ ಇಲಾಖೆಗೆ ಸೇರಿದವು. ಪ್ರವೇಶ ಎಂಟನೆಯ ತರಗತಿಗೆ. ಸಾಮಾನ್ಯ ಪಠ್ಯದ ಜೊತೆಗೆ ಎಂಜಿನಿಯರಿಂಗ್ ಡ್ರಾಯಿಂಗ್, ವರ್ಕ್‌ಶಾಪ್ ಕೆಲಸ ಕಲಿಸುತ್ತಾರೆ. ಹತ್ತು ಮುಗಿದಾಗ ಸಿಗುವ ಟಿ.ಎಚ್.ಎಸ್.ಎಲ್.ಸಿ. ಪ್ರಮಾಣಪತ್ರಕ್ಕೆ ಎಸ್ಸೆಸ್ಸೆಲ್ಸಿಯಷ್ಟೇ ಬೆಲೆ, ಪಾಲಿಟೆಕ್ನಿಕ್ ಪ್ರವೇಶದಲ್ಲಿ ಅವರಿಗೆಂದೇ ಮೀಸಲು ಸೀಟುಗಳಿವೆ. ಅಂಥ ಒಂದು ಶಾಲೆ ಮೊಗ್ರಾಲ್ ಪುತ್ತೂರಿನಲ್ಲಿಯೇ ಇದೆ, ಇನ್ನೊಂದು ಚೆರ್ವತ್ತೂರಿನಲ್ಲಿ. ಹತ್ತನೆಯ ಫಲಿತಾಂಶಕ್ಕೆ ಕಾದು ಕುಳಿತರೆ ಈ ಬಾಗಿಲು ಅಷ್ಟು ಹೊತ್ತಿಗೆ ಮುಚ್ಚಿರುತ್ತದೆ.

ನಾನು ವಾಸಿಸುವ ಎಡಪ್ಪಳ್ಳಿಯಲ್ಲಿ ಕೈಟ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಶಾಲೆಗಳ ತಂತ್ರಜ್ಞಾನ ಶಿಕ್ಷಣ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಅದು, ಹಿಂದೆ ಐಟಿ ಅಟ್ ಸ್ಕೂಲ್ ಎಂದು ನಾವು ಕರೆಯುತ್ತಿದ್ದದ್ದು. 2018ರಲ್ಲಿ ಅವರು ಆರಂಭಿಸಿದ ಲಿಟ್ಲ್ ಕೈಟ್ಸ್ ಮಕ್ಕಳ ಕೂಟಗಳು ಇಂದು 2,000ಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿವೆ. ಎಂಟನೆಯ ತರಗತಿಯಲ್ಲಿ ಒಂದು ಅಭಿರುಚಿ ಪರೀಕ್ಷೆ ಬರೆದು ಮಕ್ಕಳು ಸೇರುತ್ತಾರೆ. ಅನಿಮೇಶನ್, ಪ್ರೋಗ್ರಾಮಿಂಗ್, ರೋಬೋಟಿಕ್ಸ್ ಕಲಿಯುತ್ತಾರೆ. 2024ರಲ್ಲಿ ಏಳನೆಯ ತರಗತಿಯ ಐಸಿಟಿ ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆಯ ಪಾಠ ಬಂತು, 2025ರಲ್ಲಿ ಹತ್ತನೆಯ ತರಗತಿಯ ಎಲ್ಲ ಮಕ್ಕಳಿಗೂ ರೋಬೋಟಿಕ್ಸ್ ಬಂತು. ಈ ಪುಸ್ತಕಗಳು ಕನ್ನಡದಲ್ಲಿಯೂ ಬರುತ್ತವೆ. ಕೊರೋನಾ ಕಾಲದಲ್ಲಿ, 2020ರಲ್ಲಿ, ಫಸ್ಟ್ ಬೆಲ್ ಆನ್‌ಲೈನ್ ತರಗತಿಗಳನ್ನು ಕನ್ನಡ ಮಾಧ್ಯಮದ ಮಕ್ಕಳಿಗೂ ಮಾಡಿದ್ದರು. ಸರಕಾರ ಮನಸ್ಸು ಮಾಡಿದರೆ ಕನ್ನಡದಲ್ಲಿ ಕೊಡಬಲ್ಲದು ಎಂಬುದಕ್ಕೆ ಇವು ಸಾಕ್ಷಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಿಮಗೆ ಬೇಕಾಗುತ್ತದೆ.

ಎಡಪ್ಪಳ್ಳಿಯಿಂದ ಎರಡು ಮೆಟ್ರೋ ನಿಲ್ದಾಣ ದಾಟಿದರೆ ಕಳಮಶ್ಶೇರಿ, ಕುಸಾಟ್ ವಿಶ್ವವಿದ್ಯಾಲಯದ ಊರು. ಸಮಗ್ರ ಶಿಕ್ಷಾ ಕೇರಳವು ಆ ವಿಶ್ವವಿದ್ಯಾಲಯದ ತಾಂತ್ರಿಕ ನೆರವಿನಿಂದ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕ್ರಿಯೇಟಿವ್ ಕಾರ್ನರ್ ಎಂಬ ಕೋಣೆಗಳನ್ನು ತೆರೆದಿದೆ. ಐದರಿಂದ ಏಳರವರೆಗಿನ ಮಕ್ಕಳು ವಯರಿಂಗ್, ಕೊಳಾಯಿ ಜೋಡಣೆ, ಮರಗೆಲಸ, ಹೊಲಿಗೆ, ಅಡುಗೆ, ಕೃಷಿಯನ್ನು ಗಣಿತ ವಿಜ್ಞಾನಗಳ ಪಾಠದ ಜೊತೆ ಸೇರಿಸಿ ಮಾಡಿ ನೋಡುತ್ತಾರೆ. ನನಗೆ ಬಹಳ ಹಿಡಿಸಿದ ಏರ್ಪಾಡು ಇದು. ಗಂಡುಮಕ್ಕಳು ಅಡುಗೆಯನ್ನೂ ಹೆಣ್ಣುಮಕ್ಕಳು ವಯರಿಂಗನ್ನೂ ಒಂದೇ ಮೇಜಿನಲ್ಲಿ ಕಲಿಯುವುದರಿಂದ, ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಕಸುಬುಗಳ ಬಗೆಗಿನ ಅಂಜಿಕೆ, ಅಸಡ್ಡೆ ಎರಡೂ ಕಡಿಮೆಯಾಗಿರುತ್ತವೆ. ಇದಲ್ಲದೆ ವಿಶ್ವಬ್ಯಾಂಕಿನ ನೆರವಿನ ಸ್ಟಾರ್ಸ್ ಯೋಜನೆಯಲ್ಲಿ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಕೌಶಲಾಭಿವೃದ್ಧಿ ಕೇಂದ್ರಗಳು ಮಂಜೂರಾದವು. ಅಲ್ಲಿ ಹತ್ತು ಮುಗಿಸಿದ ಮಕ್ಕಳಿಗೂ ಓದು ಅರ್ಧಕ್ಕೆ ಬಿಟ್ಟವರಿಗೂ ಉಚಿತ ತರಬೇತಿ. ನಿಮ್ಮ ಬಿ.ಆರ್.ಸಿ., ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದ ವ್ಯಾಪ್ತಿಯಲ್ಲಿ ಅಂಥ ಕೇಂದ್ರ ಯಾವ ಶಾಲೆಯಲ್ಲಿದೆ, ಈ ವರ್ಷ ನಡೆಯುತ್ತಿದೆಯೇ ಎಂದು ವಿಚಾರಿಸಿ.

ಇಷ್ಟೆಲ್ಲ ಇದ್ದರೂ ನಮ್ಮವರು ಯಾಕೆ ಹಿಂಜರಿಯುತ್ತಾರೆ? ಕಾರಣ ಎರಡು, ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲನೆಯದು ಮರ್ಯಾದೆಯ ಪ್ರಶ್ನೆ. ಮಾರ್ಕು ಕಡಿಮೆ ಬಂದವನು ಹೋಗುವ ಜಾಗ ಅದು, ನನ್ನ ಮಗ ಯಾಕೆ ಹೋಗಬೇಕು? ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ಮಗ ಏನು ಓದುತ್ತಿದ್ದಾನೆ ಎಂದು ಕೇಳಿದರೆ ವಿ.ಎಚ್.ಎಸ್.ಇ. ಎನ್ನಲು ನಾಲಗೆ ಏಳುವುದಿಲ್ಲ. ನನ್ನ ತಂದೆಯೂ ಸಂಬಂಧಿಕರ ಮುಂದೆ ಬರೀ ಪ್ಲಸ್ ಟು ಎನ್ನುತ್ತಿದ್ದರು. ಆದರೆ ನಮ್ಮ ಸೀಮೆ ಎಂದೂ ಕಸುಬನ್ನು ಕೀಳೆಂದು ಕಂಡ ಸೀಮೆಯಲ್ಲ. ಬಾಯಾರು, ಮಾಣಿಲದ ಗುಡ್ಡಗಳಲ್ಲಿ ಅಡ್ಡವಾಗಿ ಸುರಂಗ ಕೊರೆದು ನೀರು ತಂದವರ ಲೆಕ್ಕಾಚಾರ ಯಾವ ಎಂಜಿನಿಯರಿಗೂ ಕಡಿಮೆಯದಲ್ಲ. ಮುರಕಲ್ಲಿನ ಬಣ್ಣ, ಮಣ್ಣಿನ ತಂಪು, ಗುಡ್ಡದ ಮೇಲಿನ ಮರಗಳ ಜಾತಿ ನೋಡಿ ಎಲ್ಲಿ ಕೊರೆದರೆ ನೀರು ಸಿಗುತ್ತದೆಂದು ಹೇಳುವವರು ಇದ್ದರು. ಆ ವಿದ್ಯೆಯನ್ನು ಯಾವ ಶಾಲೆಯೂ ಬರೆದಿಟ್ಟುಕೊಳ್ಳಲಿಲ್ಲ, ಬಲ್ಲವರು ಈಗ ಕೆಲವೇ ಮಂದಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹೂಡಿದಾಗ ಅಲ್ಲಿ ಕೆಲಸ ಕಲಿತವರು ಈ ಕರಾವಳಿಯ ಜನರೇ, ಮತ್ತು ಆ ಹಂಚು ಕಡಲು ದಾಟಿ ಹೋಯಿತು. ಕೈಕೆಲಸದ ಇಂಥ ಹಿನ್ನೆಲೆಯ ನಾವು ಮಕ್ಕಳಿಗೆ ಮಾತ್ರ, ಕೈ ಕೊಳೆಯಾಗದ ಕೆಲಸ ನೋಡು ಎನ್ನುತ್ತಿದ್ದೇವೆ. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ ಹತ್ತರ ನಂತರ ದೊಡ್ಡ ಪಾಲು ಮಕ್ಕಳು ವೃತ್ತಿ ಶಿಕ್ಷಣಕ್ಕೆ ಹೋಗಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2025ರೊಳಗೆ ಅರ್ಧದಷ್ಟು ವಿದ್ಯಾರ್ಥಿಗಳಿಗಾದರೂ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದಿತು. ಆಯೋಗಗಳು ಬರೆದವು, ಮನೆಗಳು ಒಪ್ಪದೆ ಅದು ನಡೆಯುವುದಿಲ್ಲ.

ಮಾರ್ಕು ಕಡಿಮೆ ಇದ್ದವರಿಗೆ ಎಂಬ ಮಾತನ್ನು ದಯವಿಟ್ಟು ಬಿಡಿ. ಮೈನಸ್ ನಲವತ್ತು ಡಿಗ್ರಿಯ ಬ್ಲಾಸ್ಟ್ ಫ್ರೀಜರಿನಲ್ಲಿ ದೋಷ ಹುಡುಕಬೇಕಾದರೆ ಒತ್ತಡ ಮತ್ತು ಉಷ್ಣತೆಯ ಸಂಬಂಧ ತಲೆಯಲ್ಲಿ ಸ್ಪಷ್ಟವಾಗಿರಬೇಕು. ಅಮೋನಿಯಾ ಸೋರಿದರೆ ಎಷ್ಟು ಹೊತ್ತಿನಲ್ಲಿ ಏನಾಗುತ್ತದೆಂದು ತಿಳಿದಿರಬೇಕು. ಗಣಿತ ಬರುವ, ವಿಜ್ಞಾನ ಪ್ರೀತಿಸುವ ಮಗುವೇ ಇಂಥ ಕೆಲಸಕ್ಕೆ ಬರಬೇಕು. ಜಾಣ ಮಗುವನ್ನು ಕಳಿಸಿದರೆ ಅದು ವ್ಯರ್ಥವಾಗುತ್ತದೆ ಎಂದುಕೊಂಡವರಿಗೆ ಹೇಳುತ್ತೇನೆ, ನಮ್ಮ ಕ್ಷೇತ್ರದಲ್ಲಿ ಮೇಲೆ ಬಂದವರೆಲ್ಲರೂ ಶಾಲೆಯಲ್ಲಿ ಜಾಣರೇ ಆಗಿದ್ದವರು.

ಎರಡನೆಯದು ಭಾಷೆ. ಇದು ಬರೀ ಭಯವಲ್ಲ, ನಿಜವಾದ ಕಷ್ಟ. ಹತ್ತರವರೆಗೆ ಕನ್ನಡದಲ್ಲಿ ಓದಿದ ಮಗು ವಿ.ಎಚ್.ಎಸ್.ಇ.ಗೆ ಹೋದರೆ ಪಠ್ಯ ಇಂಗ್ಲಿಷಿನಲ್ಲಿ, ತರಗತಿಯ ವಿವರಣೆ ಮಲಯಾಳದಲ್ಲಿ. ಪ್ಲಸ್ ಟುವಿನಲ್ಲಾದರೆ ಎರಡನೆಯ ಭಾಷೆಯಾಗಿ ಕನ್ನಡ ತೆಗೆದುಕೊಳ್ಳಬಹುದು. ವಿ.ಎಚ್.ಎಸ್.ಇ.ಯಲ್ಲಿ ಎರಡನೆಯ ಭಾಷೆಯೇ ಇಲ್ಲ, ಅಂದರೆ ಹದಿನಾರನೆಯ ವಯಸ್ಸಿಗೆ ಕನ್ನಡ ಮಗುವಿನ ಶಾಲಾಚೀಲದಿಂದ ಪೂರ್ತಿ ಹೊರಬೀಳುತ್ತದೆ. ನಾನು ಆ ಎರಡು ವರ್ಷಗಳನ್ನು ಅನುಭವಿಸಿದವನು. ಮೊದಲ ತಿಂಗಳುಗಳಲ್ಲಿ ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ, ಕೇಳಲು ನಾಚಿಕೆ. ವರ್ಕ್‌ಶಾಪಿನಲ್ಲಿ ಮಾತ್ರ ಕಷ್ಟವಿರಲಿಲ್ಲ; ಸಾಬೂನು ನೊರೆ ಹಚ್ಚಿ ಗ್ಯಾಸ್ ಸೋರುವ ಜಾಗ ಹುಡುಕಲು ಭಾಷೆ ಬೇಕಿಲ್ಲವಲ್ಲ. ಜೊತೆಗೆ ಕೂರುತ್ತಿದ್ದ ಹುಡುಗನೊಬ್ಬ ಸಂಜೆಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಪಾಠವನ್ನು ತುಳುವಿನಲ್ಲಿ ಮತ್ತೆ ಹೇಳಿಕೊಡದಿದ್ದರೆ ನಾನು ಬಿಟ್ಟುಹೋಗುತ್ತಿದ್ದೆ. ಒಂದು ಮಗುವಿನ ಭವಿಷ್ಯ ಹೀಗೆ ಪಕ್ಕದಲ್ಲಿ ಕೂತವನ ಒಳ್ಳೆಯತನದ ಮೇಲೆ ನಿಂತಿರಬಾರದು. ಇಂದು ನಾನು ಮಾತಾಡಿಸುವ ಹುಡುಗರಲ್ಲಿಯೂ ಅದೇ ತೊಡಕು. ಕೆಲಸ ಗೊತ್ತು, ಮಾಡಿದ ಕೆಲಸದ ವರದಿ ಬರೆಯಲು ಬಾರದು. ಅದಕ್ಕಾಗಿ ಸಂಬಳದಲ್ಲಿ ಹಿಂದೆ ಬೀಳುತ್ತಾರೆ.

ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗಲೆಲ್ಲ ನೀವು ಬೀದಿಗಿಳಿದಿದ್ದೀರಿ. ನ್ಯಾಯವಾದ ಹೋರಾಟ ಅದು. ಆದರೆ ಅದು ಭಾಷೆ, ಗಣಿತ, ಸಮಾಜವಿಜ್ಞಾನಗಳ ಹುದ್ದೆಗಳಿಗೆ ನಿಂತಿದೆ. ವೃತ್ತಿ ಶಿಕ್ಷಣದ ಕೋಣೆಯಲ್ಲಿ ಕನ್ನಡ ಬೇಕೆಂದು ಕೇಳಿದ ಒಂದು ಮನವಿಯನ್ನೂ ನಾನು ನೋಡಿಲ್ಲ. ಭಾಷೆಯ ಮೇಲಿನ ನಮ್ಮ ಪ್ರೀತಿ ಕವಿಗೋಷ್ಠಿಗೂ ರಾಜ್ಯೋತ್ಸವಕ್ಕೂ ಮೀಸಲಾಗಿ, ಮಗುವಿನ ಅನ್ನದ ವಿದ್ಯೆಯ ಹತ್ತಿರ ಹೋಗದೆ ಇದ್ದರೆ, ಆ ಭಾಷೆಯನ್ನು ಮುಂದಿನ ತಲೆಮಾರು ಹೊತ್ತು ನಡೆಯುವುದಿಲ್ಲ.

ಇಲ್ಲಿ ನಿಮ್ಮ ಕೈಯಲ್ಲಿ ಒಂದು ಹಕ್ಕಿದೆ, ಹೆಚ್ಚಿನವರು ಬಳಸಿಲ್ಲ. 1969ರ ಕೇರಳ ರಾಜಭಾಷಾ ಕಾಯ್ದೆ, ಆಮೇಲಿನ ತಿದ್ದುಪಡಿಯೊಂದಿಗೆ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿನೊಂದಿಗೆ, ಇಲಾಖಾ ಮುಖ್ಯಸ್ಥರೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದೆಂದು ಹೇಳುತ್ತದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ತಿರುವನಂತಪುರ ನಮಗೆ ಐನೂರು ಕಿಲೋಮೀಟರಿಗೂ ದೂರ, ನಿಜ. ಆದರೆ ಜಗತಿಯಲ್ಲಿರುವ ಶಿಕ್ಷಣ ನಿರ್ದೇಶನಾಲಯಕ್ಕೆ ಕನ್ನಡದಲ್ಲಿ ಬರೆದ ಒಂದು ಅರ್ಜಿ ಅಂಚೆಯಲ್ಲಿ ಹೋಗುತ್ತದೆ.

ಆದ್ದರಿಂದ ನನ್ನ ಬೇಡಿಕೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ, ಮೇ ತಿಂಗಳಲ್ಲಿ ಫಲಿತಾಂಶ ಬರುವುದಕ್ಕೆ ಮೊದಲು, ಮಗುವನ್ನು ಕರೆದುಕೊಂಡು ಹತ್ತಿರದ ವೊಕೇಶನಲ್ ಶಾಲೆಗೆ ಒಮ್ಮೆ ಹೋಗಿ. ಆಫೀಸಿನಲ್ಲಿ ಕೇಳಿ ಹಿಂದಿರುಗಬೇಡಿ, ಪ್ರಯೋಗಶಾಲೆ ತೋರಿಸಿ ಎನ್ನಿ. ಯಂತ್ರಗಳ ಮೇಲೆ ಧೂಳಿದೆಯೋ ಮಕ್ಕಳ ಕೈಗುರುತಿದೆಯೋ ನೋಡಿದರೆ ಅಲ್ಲಿನ ಪಾಠ ಹೇಗೆ ನಡೆಯುತ್ತದೆಂದು ತಿಳಿಯುತ್ತದೆ. ಕಲಿಸುವವರು ಕಾಯಂ ಅಧ್ಯಾಪಕರೇ, ಗುತ್ತಿಗೆಯವರೇ, ವರ್ಷವಿಡೀ ಇರುತ್ತಾರೆಯೇ ಕೇಳಿ. ಕಲಿಕೆಯ ಭಾಗವಾಗಿ ಮಕ್ಕಳನ್ನು ಯಾವ ಘಟಕಕ್ಕೆ, ಯಾವ ತೋಟಕ್ಕೆ ಕಳಿಸುತ್ತಾರೆ, ಹಿಂದಿನ ವರ್ಷ ಕಲಿತವರು ಈಗ ಎಲ್ಲಿದ್ದಾರೆ ಎಂದೂ ಕೇಳಿ. ಕೋರ್ಸಿನ ಹೊಸ ಹೆಸರಿಗೆ ಪಿ.ಎಸ್‌.ಸಿ. ನೌಕರಿಗಳಲ್ಲಿ ಮಾನ್ಯತೆ ಇದೆಯೇ ಎಂಬುದನ್ನು ಬರಹದಲ್ಲಿ ತಿಳಿದುಕೊಳ್ಳಿ. ಹಳೆಯ ಕೋರ್ಸಿನ ಹೆಸರಿನಲ್ಲಿ ಸಿಗುತ್ತಿದ್ದ ಅರ್ಹತೆ ಹೊಸ ಹೆಸರಿಗೂ ಇರುತ್ತದೆಂದು ಊಹಿಸಿಕೊಳ್ಳಬೇಡಿ. ಇವಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಆ ಶಾಲೆಗೆ ಸೇರಿಸಬೇಡಿ, ಇನ್ನೊಂದನ್ನು ನೋಡಿ. ವೃತ್ತಿ ಶಿಕ್ಷಣ ಒಳ್ಳೆಯದೆಂದು ನಾನು ಹೇಳುವುದು ಒಳ್ಳೆಯ ಶಾಲೆಯ ಮಾತು.

ಹೆಣ್ಣುಮಕ್ಕಳನ್ನು ಹೊಲಿಗೆಗೂ ಬ್ಯೂಟಿಶಿಯನ್ ಕೋರ್ಸಿಗೂ ಮಾತ್ರ ಕಟ್ಟಿಹಾಕಬೇಡಿ. ಆಸ್ಪತ್ರೆ ಯಂತ್ರಗಳ ನಿರ್ವಹಣೆ, ಸಾಫ್ಟ್‌ವೇರ್, ನೀರಾವರಿ ತಂತ್ರ, ಎಲೆಕ್ಟ್ರಾನಿಕ್ಸ್, ಎಲ್ಲಿ ಅವರ ಮನಸ್ಸು ಓಡುತ್ತದೋ ಅಲ್ಲಿಗೆ ಕಳಿಸಿ. ಕೊಚ್ಚಿಯ ಘಟಕಗಳಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗಗಳನ್ನು ಹೆಣ್ಣುಮಕ್ಕಳು ಎಷ್ಟು ಚೆನ್ನಾಗಿ ನಡೆಸುತ್ತಾರೆಂದು ನಾನು ದಿನವೂ ನೋಡುತ್ತೇನೆ.

ಕನ್ನಡವನ್ನು ಮನೆಯಲ್ಲಿ ಕಾಪಾಡಿ. ಶಾಲೆ ಕನ್ನಡವನ್ನು ಕೈಬಿಡುವ ಆ ಎರಡು ವರ್ಷ ಪತ್ರಿಕೆ, ಪುಸ್ತಕ, ಗ್ರಂಥಾಲಯದ ಸದಸ್ಯತ್ವ ನೀವು ಕೊಡಿಸಿ. ಜೊತೆಗೆ ಮಲಯಾಳವನ್ನು ಶತ್ರುವಾಗಿ ತೋರಿಸಬೇಡಿ. ಮಲಯಾಳ ಬಲ್ಲ ಕನ್ನಡಿಗನಿಗೆ ಇಡೀ ರಾಜ್ಯದಲ್ಲಿ ಕೆಲಸವಿದೆ. ಗಡಿಯ ಆಚೆ ಮಂಗಳೂರಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬಲ್ಲವನಿಗೆ ಇನ್ನೂ ಹೆಚ್ಚು. ಮಂಗಳೂರಿಗೇ ಕಳಿಸುತ್ತೇವೆ ಎನ್ನುವವರೂ ಇದ್ದೀರಿ. ಕಳಿಸಿ, ಅಲ್ಲಿಯೂ ಒಳ್ಳೆಯ ತರಬೇತಿ ಕೇಂದ್ರಗಳಿವೆ. ಆದರೆ ಕರ್ನಾಟಕದಲ್ಲಿ ಪಿಯುಸಿಗೆ ಸಮನಾಗಿದ್ದ ಜೆ.ಒ.ಸಿ. ಎಂಬ ವೃತ್ತಿ ಕೋರ್ಸ್‌ಗಳು ಮುಚ್ಚಿ ದಶಕ ದಾಟಿದೆ. ಸರಕಾರಿ ಶಾಲೆಯೊಳಗೆ ಎರಡು ವರ್ಷ ಪೂರ್ತಿ ಕಸುಬಿನ ಜೊತೆ ಪ್ಲಸ್ ಟು ಕೊಡುವ ಏರ್ಪಾಡು ನಿಮ್ಮ ಮನೆಬಾಗಿಲಿನಲ್ಲಿರುವುದು ಕೇರಳದಲ್ಲಿ.

ಐಟಿಐಗೆ ಹೋಗುವ ಮಕ್ಕಳ ಪೋಷಕರಿಗೆ ಒಂದು ಉಪಯುಕ್ತ ಸಂಗತಿ. ಚೆನ್ನೈಯಲ್ಲಿರುವ ನಿಮಿ ಎಂಬ ಕೇಂದ್ರ ಸರಕಾರದ ಸಂಸ್ಥೆ ಐಟಿಐ ಪಠ್ಯಗಳನ್ನು ಕನ್ನಡದಲ್ಲಿಯೂ ಪ್ರಕಟಿಸಿದೆ. ಮಗು ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ ಕನ್ನಡದ್ದನ್ನೂ ಇಟ್ಟುಕೊಂಡು ಓದಲಿ. ಹೊಸ ಹುಡುಗರಿಗೆ ನಾನು ಹೇಳುವುದು ಇದನ್ನೇ.

ಕೊನೆಯದು, ನೀವು ಒಬ್ಬೊಬ್ಬರಾಗಿ ಮಾಡಲಾಗದ ಕೆಲಸ. ನಿಮ್ಮ ಶಾಲೆಯ ಪಿಟಿಎ ಸಭೆಯಲ್ಲಿ ಒಂದು ಠರಾವು ಮಾಡಿ, ಕನ್ನಡದಲ್ಲಿ ಬರೆದು, ನಿರ್ದೇಶನಾಲಯಕ್ಕೂ ಜಿಲ್ಲಾಧಿಕಾರಿಗೂ ನಿಮ್ಮ ಶಾಸಕರಿಗೂ ಕಳಿಸಿ. ವಿ.ಎಚ್.ಎಸ್.ಇ. ಮತ್ತು ತಾಂತ್ರಿಕ ಪ್ರೌಢಶಾಲೆಗಳ ಪ್ರವೇಶ ಕೈಪಿಡಿ ಕನ್ನಡದಲ್ಲಿ ಬರಲಿ. ತಾಂತ್ರಿಕ ಶಾಲೆಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶ ಇರಲಿ. ಪ್ರತಿ ವೃತ್ತಿ ವಿಷಯಕ್ಕೂ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲಿ ಪದಗಳಿರುವ ಒಂದು ಸಣ್ಣ ಪುಸ್ತಿಕೆಯನ್ನು ಎಸ್.ಸಿ.ಇ.ಆರ್.ಟಿ. ಮಾಡಿಕೊಡಲಿ. ಕನ್ನಡ ಪ್ರದೇಶದ ವೊಕೇಶನಲ್ ಶಾಲೆಗಳಲ್ಲಿ ಕನ್ನಡ ಬಲ್ಲ ಒಬ್ಬ ಅಧ್ಯಾಪಕರಾದರೂ ಇರಲಿ, ಮೊದಲ ಮೂರು ತಿಂಗಳು ಸೇತು ತರಗತಿ ನಡೆಯಲಿ. ವಿ.ಎಚ್.ಎಸ್.ಇ.ಯಲ್ಲಿ ಕನ್ನಡವನ್ನು ಐಚ್ಛಿಕವಾಗಿಯಾದರೂ ಓದುವ ದಾರಿ ತೆರೆಯಲಿ. ಐಸಿಟಿ ಪುಸ್ತಕವನ್ನು ಕನ್ನಡದಲ್ಲಿ ತಂದ ಸರಕಾರಕ್ಕೆ ಇವು ಯಾವುವೂ ಅಸಾಧ್ಯವಲ್ಲ. ಕೇಳುವವರಿಲ್ಲದೆ ಅವರು ಮಾಡಿಲ್ಲ.

ಠರಾವಿನ ಕರಡು ಬರೆಯಲು, ಮಕ್ಕಳೊಂದಿಗೆ ಮಾತಾಡಲು, ಕೊಚ್ಚಿಗೆ ಬಂದರೆ ಒಂದು ಕಾರ್ಖಾನೆಯನ್ನು ಒಳಗಿನಿಂದ ತೋರಿಸಲು ನಾನು ಸಿದ್ಧ. ನನ್ನಂತೆ ಕಸುಬು ಕಲಿತು ಊರು ಬಿಟ್ಟ ಕಾಸರಗೋಡಿನ ಕನ್ನಡಿಗರು ಕೋಝಿಕ್ಕೋಡಿನಲ್ಲಿ, ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಎಷ್ಟೋ ಮಂದಿ ಇದ್ದಾರೆ. ನಿಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಲ್ಲಿ ಅಂಥವರನ್ನು ಹುಡುಕಿ, ರಜೆಯಲ್ಲಿ ಊರಿಗೆ ಬಂದಾಗ ಎಂಟು, ಒಂಬತ್ತು, ಹತ್ತರ ಮಕ್ಕಳ ಮುಂದೆ ಮಾತಾಡಿಸಿ.

ಈ ಪತ್ರವನ್ನು ಮುಂದಿನ ಪಿಟಿಎ ಸಭೆಯಲ್ಲಿ ಯಾರಾದರೊಬ್ಬರು ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಈ ವರ್ಷ ಏಳನೆಯ ತರಗತಿಯಲ್ಲಿರುವ ಮಗುವಿಗೆ ತಾಂತ್ರಿಕ ಪ್ರೌಢಶಾಲೆ ಸೇರುವ ಅವಕಾಶ ಒಂದೇ ಸಲ ಬರುತ್ತದೆ. ಅರ್ಜಿಯ ದಿನಾಂಕವನ್ನು ಈಗಲೇ ಕೇಳಿ ಗುರುತು ಮಾಡಿಕೊಳ್ಳಿ.

ಇಂತು ನಿಮ್ಮ ವಿಶ್ವಾಸಿ,
ಎಡಪ್ಪಳ್ಳಿಯಲ್ಲಿ ನೆಲೆಸಿರುವ ಕಾಸರಗೋಡಿನ ಕನ್ನಡಿಗ